ಪಾಟಲಿಪುತ್ರದ ಮರದ ಗೋಡೆ, ‘ಚ’–‘ವಾ’ ಎಣಿಕೆ: ಅರ್ಥಶಾಸ್ತ್ರ ಬರೆದೋರು ಯಾರು?

ಪ್ರಶ್ನೆ: ಸರ್ ನಮಸ್ಕಾರ. ಮಗಳು ಕೆಎಎಸ್‌ಗೆ ಓದ್ತಿದಾಳೆ. ಅರ್ಥಶಾಸ್ತ್ರ ನಮ್ಮ ಮೈಸೂರಲ್ಲೇ ಸಿಕ್ಕಿದ್ದು ಕಣಮ್ಮ ಅಂತ ಜಂಬದಿಂದ ಹೇಳ್ದೆ. ಅದಕ್ಕವಳು ‘ಅದು ಚಾಣಕ್ಯ ಬರೆದಿದ್ದೇ ಅಲ್ವಂತೆ ಅಪ್ಪ, ಯಾರೋ ಅಮೆರಿಕದವರು ಮತ್ತು ಎಷ್ಟು ಸಲ, ಅಥವಾ ಎಷ್ಟು ಸಲ ಬಂದಿದೆ ಅಂತ ಎಣಿಸಿ ಹೇಳಿದಾರೆ, ಇನ್ನು ಕೆಲವರು ಪಟ್ನಾದಲ್ಲಿ ಸಿಕ್ಕ ಮರದ ಗೋಡೆನೇ ಸಾಕ್ಷಿ ಅಂತಾರೆ’ ಅಂದ್ಲು. ಮರದ ತುಂಡು ನೋಡಿ, ಪದ ಎಣಿಸಿ, ಪುಸ್ತಕ ಯಾರು ಬರೆದ್ರು ಅಂತ ಹೇಳೋಕಾಗತ್ತಾ? ಇದು ರಿಸರ್ಚಾ ತಮಾಷೆನಾ? ಪರೀಕ್ಷೇಲಿ ಏನು ಬರೀಬೇಕು?

ಉತ್ತರ: ನಮಸ್ಕಾರ. ತಮಾಷೆ ಅಲ್ಲ, ನಿಜವಾದ ರಿಸರ್ಚೇ. ಆದ್ರೆ ಆ ಎರಡು ಸಾಕ್ಷಿಗೂ ಒಂದೇ ತೂಕ ಇಲ್ಲ. ಜನ ಸಾಮಾನ್ಯವಾಗಿ ಮರದ ಗೋಡೆನ ನೋಡಿ ‘ಅಬ್ಬಾ, ಗಟ್ಟಿ ಪುರಾವೆ’ ಅಂತಾರೆ, ‘ಮತ್ತು-ಅಥವಾ’ ಎಣಿಸೋದನ್ನ ಕೇಳಿ ನಗ್ತಾರೆ. ನನ್ನ ಪ್ರಕಾರ ಉಲ್ಟಾ. ಕೈಯಲ್ಲಿ ಮುಟ್ಟಬಹುದಾದ ಆ ಮರ ಈ ಪ್ರಶ್ನೆಗೆ ಹೆಚ್ಚೇನೂ ಹೇಳಲ್ಲ, ಕಣ್ಣಿಗೇ ಬೀಳದ ಆ ಪುಟ್ಟ ಪದಗಳು ತುಂಬಾ ಹೇಳ್ತವೆ. ಯಾಕೆ ಅಂತ ಸ್ವಲ್ಪ ಉದ್ದವಾಗೇ ಬರೀತೀನಿ, ಮಗಳಿಗೂ ಓದಿಸಿ.

ಮೊದಲು ನಿಮ್ಮ ಜಂಬದ ವಿಷಯ. ಅದಕ್ಕೇನೂ ಕುಂದಿಲ್ಲ. 1905ರಲ್ಲಿ ತಂಜಾವೂರು ಕಡೆಯ ಒಬ್ಬ ಪಂಡಿತರು ಗ್ರಂಥ ಲಿಪಿಯ ತಾಳೆಗರಿ ಕಟ್ಟೊಂದನ್ನ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ರು. ಆಗ ಅಲ್ಲಿ ಲೈಬ್ರೇರಿಯನ್ ಆಗಿದ್ದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಗರಿ ಬಿಡಿಸಿ ಓದಿದ್ರೆ, ಬೇರೆ ಪುಸ್ತಕಗಳಲ್ಲಿ ಬರೀ ಹೆಸರು ಕೇಳಿ, ಅಲ್ಲೊಂದು ಇಲ್ಲೊಂದು ಉದ್ಧರಣೆ ನೋಡಿ, ಕಳೆದೇ ಹೋಯ್ತು ಅಂದುಕೊಂಡಿದ್ದ ಅರ್ಥಶಾಸ್ತ್ರ! 1909ರಲ್ಲಿ ಅಚ್ಚು ಹಾಕಿಸಿದ್ರು, 1915ರಲ್ಲಿ ಪೂರ್ತಿ ಇಂಗ್ಲಿಷ್ ಅನುವಾದ ಬಂತು. ಆ ಗರಿಗಳು ಸಿಗದೇ ಇದ್ದಿದ್ರೆ ಯಾರು ಬರೆದ್ರು ಅನ್ನೋ ಈ ಜಗಳನೂ ಶುರುವಾಗ್ತಿರಲಿಲ್ಲ.

ಜಗಳ ಪುಸ್ತಕದ ಒಳಗೇ ಇದೆ. ಕೊನೇಲಿ ಒಂದು ಶ್ಲೋಕ ಬರತ್ತೆ, ‘ಯೇನ ಶಾಸ್ತ್ರಂ ಚ ಶಸ್ತ್ರಂ ಚ ನಂದರಾಜಗತಾ ಚ ಭೂಃ’ ಅಂತ ಶುರು, ಶಾಸ್ತ್ರವನ್ನ, ಶಸ್ತ್ರವನ್ನ, ನಂದರ ಕೈಲಿದ್ದ ಭೂಮಿಯನ್ನ ಯಾರು ಸಿಟ್ಟಿಂದ ಎತ್ತಿ ಹಿಡಿದನೋ ಅವನೇ ಇದನ್ನ ಮಾಡಿದ್ದು ಅಂತ ಅರ್ಥ. ಚಂದ್ರಗುಪ್ತನ ಮಂತ್ರಿ ಚಾಣಕ್ಯನೇ (ಕೌಟಿಲ್ಯ ಅನ್ನೋದೂ ಅವನದೇ ಹೆಸರು ಅಂತಾರೆ) ಬರೆದದ್ದು ಅನ್ನೋರ ದೊಡ್ಡ ಆಧಾರ ಇದು. ಆದ್ರೆ ವಿಚಿತ್ರ ನೋಡಿ, 15 ಅಧಿಕರಣ, ಅಂದ್ರೆ ದೊಡ್ಡ ಭಾಗಗಳು, 150 ಅಧ್ಯಾಯ ಇರೋ ಪುಸ್ತಕದಲ್ಲಿ ಎಲ್ಲೂ ಚಂದ್ರಗುಪ್ತನ ಹೆಸರಿಲ್ಲ, ಮೌರ್ಯರ ಹೆಸರಿಲ್ಲ, ಅವರ ರಾಜಧಾನಿ ಪಾಟಲಿಪುತ್ರದ, ಅಂದ್ರೆ ಈಗಿನ ಪಟ್ನಾದ, ಹೆಸರಿಲ್ಲ. ಅತ್ತ ಚಂದ್ರಗುಪ್ತನ ಆಸ್ಥಾನಕ್ಕೆ ಬಂದಿದ್ದ ಗ್ರೀಕ್ ರಾಯಭಾರಿ ಮೆಗಸ್ತನೀಸ್ ಬರೆದದ್ದರಲ್ಲಿ ನಮಗೆ ಉಳಿದಿರೋ ಭಾಗದಲ್ಲಿ ಕೌಟಿಲ್ಯನ ಸುದ್ದಿನೇ ಇಲ್ಲ. ಅವನಿಗೆ ಇವನು ಗೊತ್ತಿಲ್ಲ, ಇವನಿಗೆ ಅವನ ಊರು ಗೊತ್ತಿಲ್ಲ ಅನ್ನೋ ಹಾಗೆ.

ಮರದ ಗೋಡೆ ಬರೋದು ಇಲ್ಲಿ. ಮೆಗಸ್ತನೀಸನ ಸ್ವಂತ ಪುಸ್ತಕ ಕಳೆದುಹೋಗಿದೆ, ಸ್ಟ್ರಾಬೋ ಮತ್ತು ಆರಿಯನ್ ಅನ್ನೋ ಇಬ್ಬರು ಅದರಿಂದ ಎತ್ತಿ ಬರೆದದ್ದು ಉಳಿದಿದೆ. ಅವರ ಪ್ರಕಾರ ಪಾಟಲಿಪುತ್ರ 80 ಸ್ಟೇಡಿಯಾ ಉದ್ದ 15 ಸ್ಟೇಡಿಯಾ ಅಗಲ, ನಮ್ಮ ಲೆಕ್ಕದಲ್ಲಿ ಸುಮಾರು 14-15 ಕಿಲೋಮೀಟರ್ ಉದ್ದ, ಎರಡೂವರೆ ಕಿಲೋಮೀಟರ್ ಮೇಲೆ ಅಗಲ. ಸುತ್ತ ಮರದ ಗೋಡೆ, ಬಾಣ ಬಿಡೋಕೆ ಅದರಲ್ಲಿ ಕಿಂಡಿಗಳು, 570 ಬುರುಜು, 64 ಬಾಗಿಲು, ಮುಂದೆ ಕಂದಕ, ಊರಿನ ಕೊಚ್ಚೆ ಹೋಗೋದೂ ಅದಕ್ಕೇ. ಆರಿಯನ್ ಇನ್ನೊಂದು ಮಾತು ಹೇಳ್ತಾನೆ, ನನಗೆ ತುಂಬಾ ಇಷ್ಟವಾದದ್ದು: ಭಾರತದಲ್ಲಿ ನದಿ ದಂಡೆ, ಸಮುದ್ರದ ದಂಡೆ ಊರುಗಳನ್ನ ಮರದಲ್ಲಿ ಕಟ್ತಾರೆ, ಇಟ್ಟಿಗೇಲಿ ಕಟ್ಟಿದ್ರೆ ಮಳೆಗೂ ನೆರೆಗೂ ಬಾಳಲ್ಲ, ಎತ್ತರದ ಜಾಗದ ಊರುಗಳನ್ನ ಮಾತ್ರ ಇಟ್ಟಿಗೆ ಮಣ್ಣಲ್ಲಿ ಕಟ್ತಾರೆ ಅಂತ. ಬಡತನಕ್ಕೋ ತಿಳಿವಳಿಕೆ ಇಲ್ಲದೆಯೋ ಮರ ಹಾಕಿದ್ದಲ್ಲ, ಲೆಕ್ಕ ಹಾಕಿ ಹಾಕಿದ್ದು. ಗಂಗೆ ಸೋನ್ ಎರಡೂ ಸೇರೋ ಮೆಕ್ಕಲು ಮಣ್ಣಲ್ಲಿ, ನೆಲ ಸ್ವಲ್ಪ ಕುಸಿದ್ರೆ ಇಟ್ಟಿಗೆ ಗೋಡೆ ಸೀಳುತ್ತೆ, ನೆಲದಲ್ಲಿ ಹೂತು ಒಂದಕ್ಕೊಂದು ಕೂಡಿಸಿದ ಕಂಬ ತೊಲೆಗಳು ಸ್ವಲ್ಪ ಆಚೀಚೆ ವಾಲಿದ್ರೂ ನಿಲ್ತವೆ.

ಮೆಗಸ್ತನೀಸನ್ನ ಎಷ್ಟು ನಂಬೋದು? ಚಿನ್ನ ಅಗೆಯೋ ಇರುವೆ, ಬಾಯಿ ಇಲ್ಲದ ಜನ, ಇವೆಲ್ಲ ಹೇಳಿದ ಮನುಷ್ಯನೂ ಅವನೇ. ಹಾಗಾಗಿ ಮರದ ಗೋಡೆನೂ ಬುರುಡೆ ಅಂತ ಅನುಮಾನ ಪಟ್ಟಿದ್ರೆ ತಪ್ಪೇನಿರಲಿಲ್ಲ. ಆದ್ರೆ 1890ರ ದಶಕದಲ್ಲಿ ವಾಡೆಲ್ ಅನ್ನೋರು ಪಟ್ನಾದ ಸುತ್ತ ಅಗೆದಾಗ ನೆಲದಾಳದಲ್ಲಿ ತೊಲೆಗಳು ಕಂಡ್ವು. ಆಮೇಲೆ 1912ರಿಂದ ಸ್ಪೂನರ್ ಕುಮ್ರಾಹಾರ್‌ನಲ್ಲಿ ಅಗೆದ್ರು, ಅದಕ್ಕೆ ದುಡ್ಡು ಕೊಟ್ಟವರು ರತನ್ ಟಾಟಾ, ಈಗಿನವರಲ್ಲ, ಜಮ್‌ಶೆಟ್‌ಜಿಯವರ ಮಗ ಸರ್ ರತನ್ ಟಾಟಾ. ಅಲ್ಲಿ 80 ಕಂಬದ ಸಭಾಂಗಣದ ಗುರುತು ಸಿಕ್ತು, ಕಂಬ ಕಲ್ಲಿನವು, ಮೇಲಿನ ಚಾವಣಿ ಮರದ್ದಾಗಿತ್ತು ಅಂತ ಅಂದಾಜು, ಯಾಕಂದ್ರೆ ದಪ್ಪ ಬೂದಿಯ ಪದರ ಸಿಕ್ಕಿದೆ. ಪಕ್ಕದಲ್ಲೇ ಸಾಲ್ ಮರದ ದೊಡ್ಡ ದೊಡ್ಡ ಜಗಲಿಗಳು ಹೊಸದರ ಹಾಗೇ ಇದ್ವು. ಬುಲಂದಿ ಬಾಗ್ ಅನ್ನೋ ಜಾಗದಲ್ಲಿ ಗೋಡೆನೇ ಸಿಕ್ತು, ಎದುರುಬದುರು ಎರಡು ಸಾಲು ದಪ್ಪ ಕಂಬಗಳು, ನಡುವೆ ಕೆಳಗೆ ತೊಲೆಗಳನ್ನ ಅಡ್ಡ ಹಾಸಿ ಮಾಡಿದ ನೆಲ. ಇರುವೆ ವಿಷಯದಲ್ಲಿ ಬುರುಡೆ ಬಿಟ್ಟವನು ಗೋಡೆ ವಿಷಯದಲ್ಲಿ ಸತ್ಯ ಹೇಳಿದ್ದ.

ಎರಡು ಸಾವಿರ ವರ್ಷಕ್ಕಿಂತ ಹೆಚ್ಚು ಮರ ಹೇಗೆ ಉಳೀತು ಅಂತ ನೀವು ಕೇಳ್ತೀರ, ಎಲ್ಲರೂ ಕೇಳ್ತಾರೆ. ಮರವನ್ನ ತಿನ್ನೋದು ಮುಖ್ಯವಾಗಿ ಬೂಷ್ಟು ಮತ್ತು ಗೆದ್ದಲು. ಬೂಷ್ಟಿಗೆ ನೀರೂ ಬೇಕು ಗಾಳಿನೂ ಬೇಕು. ಪೂರ್ತಿ ಒಣಗಿಸಿಟ್ರೂ ಮರ ಉಳಿಯತ್ತೆ, ಪೂರ್ತಿ ನೀರಲ್ಲಿ ಮುಳುಗಿಸಿ ಜೇಡಿಮಣ್ಣಲ್ಲಿ ಮುಚ್ಚಿದ್ರೂ ಉಳಿಯತ್ತೆ. ಕೊಳೆಯೋದು ಒಮ್ಮೆ ನೆನೆದು ಒಮ್ಮೆ ಒಣಗೋ ಜಾಗದಲ್ಲಿ. ಹಳ್ಳಿ ಮನೆ ಕಂಬ ನೋಡಿ, ನೆಲಕ್ಕೆ ತಾಗೋ ಆ ಒಂದು ಗೇಣು ಮೊದಲು ಹೋಗತ್ತೆ, ಅದಕ್ಕೇ ಕೆಳಗೆ ಕಲ್ಲಿನ ಪೀಠ ಕೊಡೋದು. ಪಾಟಲಿಪುತ್ರದಲ್ಲಿ ಅಂತರ್ಜಲ ಮೇಲೇ ಇದ್ದದ್ದರಿಂದ ಕೆಳಗಿನ ಭಾಗ ಉಳೀತು, ನೆಲದ ಮೇಲಿದ್ದದ್ದೆಲ್ಲ ಹೋಯ್ತು. ಹಾಗಾಗಿ 570 ಬುರುಜು ಇತ್ತಾ 500 ಇತ್ತಾ ಅಂತ ಯಾವ ಅಗೆತಾನೂ ಹೇಳಲ್ಲ. ಗೋಡೆ ಮೇಲೆ ಹೇಗಿತ್ತು ಅನ್ನೋದಕ್ಕೆ ಪಕ್ಕದ ದಾರಿ ಹಿಡೀಬೇಕು: ಬರಾಬರ್ ಬೆಟ್ಟದ ಲೋಮಸ ಋಷಿ ಗುಹೆ ಬಾಗಿಲು, ಸಾಂಚಿ ಸ್ತೂಪದ ಕಟಕಟೆ. ಎರಡೂ ಕಲ್ಲು, ಆದ್ರೆ ಕೆಲಸ ಬಡಗಿಯದ್ದು. ಬಗ್ಗಿಸಿದ ಚಾವಣಿ, ಅದರಡಿ ಇಣುಕೋ ಜಂತೆ ತುದಿಗಳು, ಒಂದು ತುಂಡಿನ ತುದಿ ಇನ್ನೊಂದರ ತೂತಲ್ಲಿ ಕೂರೋ ಜೋಡಣೆ, ಎಲ್ಲ ಕಲ್ಲಲ್ಲಿ ಹಾಗೇ ಕೆತ್ತಿದಾರೆ. ಕಲ್ಲಿಗೆ ಅದು ಬೇಕಾಗೇ ಇಲ್ಲ, ಕೈಗೆ ರೂಢಿ ಆಗಿಬಿಟ್ಟಿತ್ತು ಅಷ್ಟೇ. ಈ ‘ಕೈಗೆ ರೂಢಿ’ ಅನ್ನೋ ಮಾತನ್ನ ನೆನಪಲ್ಲಿಟ್ಕೊಳಿ, ಮುಂದೆ ಬೇಕಾಗತ್ತೆ.

ಈಗ ಅರ್ಥಶಾಸ್ತ್ರಕ್ಕೆ ಬನ್ನಿ. ಎರಡನೇ ಅಧಿಕರಣದಲ್ಲಿ ಕೋಟೆ ಕಟ್ಟೋ ವಿಧಾನ ಇದೆ. ಅಲ್ಲಿ ನೇರಾನೇರ ಹೇಳತ್ತೆ: ಕಟ್ಟಿದ್ರೆ ಕಲ್ಲಲ್ಲಿ ಕಟ್ಟು, ಮರದಲ್ಲಂತೂ ಬೇಡವೇ ಬೇಡ, ಅದರಲ್ಲಿ ಬೆಂಕಿ ಹೊಂಚು ಹಾಕಿ ಕೂತಿರತ್ತೆ ಅಂತ. ಎಂಥಾ ಮಾತು! ಅದೇ ಅಧಿಕರಣದಲ್ಲಿ ಮುಂದೆ ಕಾಡಿನ ಉತ್ಪನ್ನದ ಅಧಿಕಾರಿಯ ಅಧ್ಯಾಯದಲ್ಲಿ ಗಟ್ಟಿ ಮರಗಳ ಪಟ್ಟಿ ಬರತ್ತೆ, ಶುರುವಾಗೋದೇ ಶಾಕ ಅಂದ್ರೆ ತೇಗದಿಂದ, ಸಾಲನೂ ಇದೆ. ನಗರದ ಅಧ್ಯಾಯದಲ್ಲಿ ಬೆಂಕಿ ಕಾನೂನು: ಬೇಸಿಗೇಲಿ ಹಗಲು ಹೊತ್ತಲ್ಲಿ ಒಲೆ ಹಚ್ಚೋಕೆ ನಿರ್ಬಂಧ, ಬೀದಿಗಳಲ್ಲಿ ಸಾವಿರಗಟ್ಟಲೆ ಕೊಡ ನೀರು ಸಾಲಾಗಿ ಇಡಬೇಕು, ಮನೆಮನೆಯಲ್ಲೂ ಏಣಿ ಕೊಡಲಿ ಕೊಕ್ಕೆ ಇರಬೇಕು, ಉರಿಯೋ ಮನೆ ಕಡೆ ಓಡದೇ ಸುಮ್ನೆ ಕೂತವನಿಗೆ ದಂಡ. ಇದನ್ನ ಬರೆದವನಿಗೆ ಮರ–ಹುಲ್ಲಿನ ಊರು ಚೆನ್ನಾಗಿ ಗೊತ್ತಿತ್ತು, ಅದು ಧಗಧಗ ಉರಿದದ್ದನ್ನೂ ನೋಡಿರಬೇಕು.

ವಾದ ಹೀಗೆ ಸಾಗತ್ತೆ: ಚಂದ್ರಗುಪ್ತನ ರಾಜಧಾನಿಗೇ ಮರದ ಗೋಡೆ ಇತ್ತು, ಅವನ ಮಂತ್ರಿ ಮರ ಬೇಡ ಅಂತ ಬರೀತಾನಾ? ಹಾಗಾಗಿ ಬರೆದವನು ಆ ಮಂತ್ರಿ ಅಲ್ಲ, ಕಲ್ಲು ಇಟ್ಟಿಗೆ ಕೋಟೆ ಬಂದ ಮೇಲಿನ ಕಾಲದವನು. ಕೇಳೋಕೆ ಚೆನ್ನಾಗಿದೆ, ಆದ್ರೆ ನನಗೆ ಇದು ಅಷ್ಟಾಗಿ ಹಿಡಿಸಲ್ಲ. ಶಾಸ್ತ್ರ ಬರೆಯೋನು ಇರೋದನ್ನ ವರದಿ ಮಾಡಲ್ಲ, ಇರಬೇಕಾದದ್ದನ್ನ ಹೇಳ್ತಾನೆ. ಗೋಡೆ ತುಂಬಾ ಮರ ಇರೋ ಊರಲ್ಲಿ ಕೂತವನೇ ‘ಮರ ಬೇಡಪ್ಪಾ’ ಅನ್ನೋ ಸಾಧ್ಯತೆ ಜಾಸ್ತಿ. ನಮ್ಮ ಟೌನ್ ಪ್ಲಾನಿಂಗ್ ಪುಸ್ತಕ ಓದಿ, 40 ಅಡಿ ರಸ್ತೆ ಇರಬೇಕು ಅಂದಿರತ್ತೆ, ಅದನ್ನ ಬರೆದವರು ಬೆಂಗಳೂರಲ್ಲಿ ಇರಲಿಲ್ಲ ಅಂತ ತೀರ್ಮಾನ ಮಾಡೋಕಾಗತ್ತಾ?

ಇನ್ನೊಂದು ತೊಡಕು ಕಾಲದ್ದು. ಮರದ ಕಾಲ ಹೇಳೋಕೆ ಅತೀ ನಿಖರವಾದ ದಾರಿ ವರ್ಷದ ಉಂಗುರ ಎಣಿಸೋದು. ಜಪಾನಿನ ಹೊರ್ಯೂಜಿ ಪಗೋಡದ ನಡುಗಂಬದ ಮರ ಕಡಿದದ್ದು ಕ್ರಿ.ಶ. 594ರಲ್ಲಿ ಅಂತ ಹಾಗೇ ಕಂಡುಹಿಡಿದ್ರು. ಆದ್ರೆ ಅಲ್ಲಿನ ಹಳೇ ದಾಖಲೆ ಪ್ರಕಾರ ದೇವಾಲಯ 670ರಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಿದ್ದು, ಅಂದ್ಮೇಲೆ ಆ ಹಳೇ ಮರ ಅಲ್ಲಿಗೆ ಹೇಗೆ ಬಂತು, ಎಲ್ಲೋ ಬಿದ್ದಿತ್ತಾ, ಬೇರೆ ಕಟ್ಟಡದ್ದಾ ಅಂತ ಇನ್ನೂ ಚರ್ಚೆ ಇದೆ. ಅಷ್ಟು ನಿಖರವಾಗಿ ಗೊತ್ತಾದ್ರೂ ಗೊತ್ತಾಗೋದು ಕಡಿದ ವರ್ಷ, ಕಟ್ಟಿದ ವರ್ಷ ಅಲ್ಲ. ನಮ್ಮ ಕಡೆ ತೇಗದಲ್ಲಿ ಉಂಗುರ ಸ್ಪಷ್ಟ ಇರತ್ತೆ, ಪುಣೆಯ ಹವಾಮಾನ ವಿಜ್ಞಾನಿಗಳು ಕೇರಳದ ತೇಗದಿಂದ 1481ರಿಂದ 2003ರವರೆಗೆ 523 ವರ್ಷದ ಸರಪಳಿ ಕಟ್ಟಿದಾರೆ, ದೊಡ್ಡ ಸಾಧನೆನೇ, ಆದ್ರೆ ಮೌರ್ಯರ ಕಾಲ ಎಲ್ಲಿ, 1481 ಎಲ್ಲಿ! ಸಾಲ್ ಮರದಲ್ಲಿ ಉಂಗುರ ಅಷ್ಟು ಸ್ಪಷ್ಟ ಇರೋದೂ ಇಲ್ಲ. ಉಳಿದದ್ದು ಕಾರ್ಬನ್ ಡೇಟಿಂಗ್. ಅದರಲ್ಲೂ ಕ್ರಿ.ಪೂ. 800ರಿಂದ 400ರವರೆಗಿನ ಅವಧಿ ಕುಖ್ಯಾತ, ಆ ನಾನೂರು ವರ್ಷದಲ್ಲಿ ಬೆಳೆದದ್ದೆಲ್ಲ ಹೆಚ್ಚುಕಡಿಮೆ ಒಂದೇ ಲೆಕ್ಕ ತೋರಿಸತ್ತೆ. ಕ್ರಿ.ಪೂ. 300ರಲ್ಲಿ ಕಡಿದ ದೊಡ್ಡ ಮರದ ತಿರುಳು ಅದಕ್ಕಿಂತ ನೂರಿನ್ನೂರು ವರ್ಷ ಹಳೇದು, ತಿರುಳಿಂದ ಚೂರು ತೆಗೆದ್ರೆ ನೀವು ಸೀದಾ ಆ ಗೊಂದಲದೊಳಗೆ ಬೀಳ್ತೀರ. ಒಟ್ಟಲ್ಲಿ ಆ ಗೋಡೆ ಮೆಗಸ್ತನೀಸನ್ನ ಗೆಲ್ಲಿಸ್ತು. ಕೌಟಿಲ್ಯನ್ನ ಗೆಲ್ಲಿಸಲೂ ಇಲ್ಲ, ಸೋಲಿಸಲೂ ಇಲ್ಲ.

ಇನ್ನು ನಿಮಗೆ ತಮಾಷೆ ಅನಿಸಿದ್ದು. ಅಮೆರಿಕದವರು ಅಂದ್ರಲ್ಲ, ಅವರು ಥಾಮಸ್ ಟ್ರೌಟ್‌ಮನ್, ಇತಿಹಾಸಕಾರರು, 1971ರಲ್ಲಿ ಪುಸ್ತಕ ಬಂತು. ಅವರು ಎಣಿಸಿದ್ದು ‘ಚ’ ಅಂದ್ರೆ ಮತ್ತು, ‘ವಾ’ ಅಂದ್ರೆ ಅಥವಾ, ಏವ, ಏವಂ, ತತ್ರ, ಇಂಥವು. ಯಾಕೆ ಇವೇ? ರಾಜ, ಕೋಶ, ದಂಡ ಅನ್ನೋ ಪದಗಳನ್ನ ಎಣಿಸಿದ್ರೆ ವಿಷಯ ಏನು ಅಂತ ಗೊತ್ತಾಗತ್ತೆ, ಬರೆದವರು ಯಾರು ಅಂತ ಗೊತ್ತಾಗಲ್ಲ. ಬರೆಯೋನು ದೊಡ್ಡ ಪದಗಳನ್ನ ಯೋಚಿಸಿ ಆರಿಸ್ತಾನೆ, ಪುಟ್ಟ ಪದಗಳು ತಾವೇ ಉದುರ್ತವೆ. ನಿಮ್ಮ ಮನೆ ವಾಟ್ಸಾಪ್ ಗ್ರೂಪ್ ನೋಡಿ, ಹೆಸರು ಮುಚ್ಚಿಟ್ರೂ ಇದು ಭಾವನ ಮೆಸೇಜು ಅಂತ ಗೊತ್ತಾಗಲ್ವಾ? ವಿಷಯದಿಂದಲ್ಲ, ಪ್ರತೀ ಸಾಲಲ್ಲೂ ‘ಆದ್ರೂನೂ’ ಅಂತಾರಲ್ಲ ಅದರಿಂದ. ಆಗಲೇ ಹೇಳಿದ ಕೈ ರೂಢಿ ಇದೇ, ಕಲ್ಲು ಕೊಟ್ರೂ ಬಡಗಿ ಜೋಡಣೆನೇ ಕೆತ್ತಿದ ಹಾಗೆ.

ಈ ದಾರಿ ಅವರಿಗಿಂತ ಮುಂಚೆ ಅಮೆರಿಕದ್ದೇ ಒಂದು ಜಗಳದಲ್ಲಿ ಗೆದ್ದಿತ್ತು. 1787-88ರಲ್ಲಿ ಅಲ್ಲಿನ ಸಂವಿಧಾನದ ಪರವಾಗಿ ಪಬ್ಲಿಯಸ್ ಅನ್ನೋ ಗುಪ್ತ ಹೆಸರಲ್ಲಿ 85 ಲೇಖನ ಬಂದ್ವು, ಬರೆದವರು ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಮೂರೂ ಜನ, ಅದರಲ್ಲಿ 12 ಲೇಖನ ಹ್ಯಾಮಿಲ್ಟನ್‌ದಾ ಮ್ಯಾಡಿಸನ್‌ದಾ ಅಂತ ಜಗಳ. ಮೋಸ್ಟೆಲರ್ ಮತ್ತು ವ್ಯಾಲೇಸ್ ಅನ್ನೋ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1964ರ ಪುಸ್ತಕದಲ್ಲಿ ಅದನ್ನ ಬಿಡಿಸಿದ್ರು. ‘ಅಪಾನ್’ ಅನ್ನೋ ಒಂದು ಪದ ಹ್ಯಾಮಿಲ್ಟನ್ ಸಾವಿರ ಪದಕ್ಕೆ ಸುಮಾರು ಮೂರು ಸಲ ಬಳಸ್ತಾನೆ, ಮ್ಯಾಡಿಸನ್ ಹತ್ತಿರ ಅದು ಅಪರೂಪ. ಒಬ್ಬ ‘ವೈಲ್’ ಅಂದ್ರೆ ಇನ್ನೊಬ್ಬ ‘ವೈಲ್‌ಸ್ಟ್’. ಇಂಥವನ್ನ ಕೂಡಿಸಿ ನೋಡಿದ್ರೆ ಹನ್ನೆರಡೂ ಮ್ಯಾಡಿಸನ್ ಕಡೆ ವಾಲಿದ್ವು. ಅಲ್ಲಿದ್ದ ಅನುಕೂಲ ಏನಂದ್ರೆ ಇಬ್ಬರೂ ಬೇರೆ ಕಡೆ ಹೆಸರು ಹಾಕಿ ಬರೆದದ್ದು ರಾಶಿ ಇತ್ತು, ಹೋಲಿಸೋಕೆ. ಕೌಟಿಲ್ಯನದ್ದು ಅಂತ ಖಚಿತವಾಗಿ ಬೇರೆ ಯಾವ ಬರಹನೂ ಇಲ್ಲ. ಹಾಗಾಗಿ ಟ್ರೌಟ್‌ಮನ್ ‘ಇದು ಕೌಟಿಲ್ಯನದಾ’ ಅಂತ ಕೇಳೋಕೇ ಆಗ್ತಿರಲಿಲ್ಲ, ಕೇಳಬಹುದಾಗಿದ್ದು ‘ಈ ಪುಸ್ತಕದ ಭಾಗಗಳೆಲ್ಲ ಒಂದೇ ಕೈಯವಾ’ ಅಂತ ಮಾತ್ರ. ಇದನ್ನ ಮಗಳಿಗೆ ಒತ್ತಿ ಹೇಳಿ, ಎಣಿಕೆ ಚಾಣಕ್ಯ ಅಲ್ಲ ಅಂತ ಹೇಳಲೇ ಇಲ್ಲ.

ಎಣಿಸೋದೂ ಸುಲಭ ಅಲ್ಲ. ಸಂಸ್ಕೃತದಲ್ಲಿ ಚ ಯಾವಾಗಲೂ ಒಂಟಿಯಾಗಿ ನಿಲ್ಲಲ್ಲ, ಎಷ್ಟೋ ಕಡೆ ಚೈವ, ಚಾಪಿ ಅಂತ ಪಕ್ಕದ್ದಕ್ಕೆ ಅಂಟ್ಕೊಂಡಿರತ್ತೆ, ಸಂಧಿ ಬಿಡಿಸಿ ಎಣಿಸ್ಬೇಕು. ಗದ್ಯ ಪದ್ಯ ಬೇರೆ ಮಾಡ್ಬೇಕು. ಅಧ್ಯಾಯದ ಕೊನೇಲೆಲ್ಲ ಶ್ಲೋಕ ಬರತ್ತಲ್ಲ, ಶ್ಲೋಕದಲ್ಲಿ ಅಕ್ಷರ ತುಂಬಿಸೋಕೂ ಚ ಹಾಕ್ತಾರೆ. ಮೇಲೆ ಬರೆದ ಆ ಅರ್ಧ ಶ್ಲೋಕನೇ ನೋಡಿ, ಅಷ್ಟರಲ್ಲೇ ಮೂರು ಚ! ಅದನ್ನೂ ಸೇರಿಸಿ ಎಣಿಸಿದ್ರೆ ಲೆಕ್ಕ ಕೆಟ್ಟಂತೆ. ಇದೆಲ್ಲ ಜಾಗ್ರತೆ ಮಾಡಿ ನೋಡಿದಾಗ ಎರಡನೇ, ಮೂರನೇ, ಏಳನೇ ಅಧಿಕರಣ ಮೂರೂ ಒಂದೇ ಕೈಯವಲ್ಲ, ಬೇರೆಬೇರೆ ಮೂವರವು ಅಂತ ಬಂತು. ಎರಡನೇದು ಅಧಿಕಾರಿಗಳ ಕೆಲಸ, ಮರದ ಕೋಟೆ ಬೇಡ ಅಂದ ಅದೇ ಭಾಗ. ಮೂರನೇದು ವ್ಯಾಜ್ಯ ಕಾನೂನು. ಏಳನೇದು ಸಂಧಿ ವಿಗ್ರಹದ ವಿದೇಶಾಂಗ ನೀತಿ.

ಆಕ್ಷೇಪ ಇಲ್ವಾ? ಇದೆ, ನನಗೂ ಮೊದಲು ಇದೇ ಅನಿಸಿತ್ತು. ಏಳನೇ ಅಧಿಕರಣದಲ್ಲಿ ರಾಜ ಹೀಗೆ ಮಾಡಲಿ, ಇಲ್ಲಾ ಹಾಗೆ ಮಾಡಲಿ ಅಂತ ಆಯ್ಕೆಗಳ ಸುರಿಮಳೆ, ‘ವಾ’ ಜಾಸ್ತಿ ಬರದೇ ಇನ್ನೇನು? ಎರಡನೇದರಲ್ಲಿ ಪಟ್ಟಿ ಮೇಲೆ ಪಟ್ಟಿ. ಅಂದ್ರೆ ವಿಷಯ ಬದಲಾದದ್ದಕ್ಕೆ ಪದ ಬದಲಾಯ್ತಾ, ಕೈ ಬದಲಾದದ್ದಕ್ಕಾ? ಸರಿಯಾದ ಪ್ರಶ್ನೆ. ಅದಕ್ಕೇ ನಾನು ಎಣಿಕೆ ಒಂದನ್ನೇ ನೆಚ್ಚಲ್ಲ. ಇಂಥ ಕೆಲಸದಲ್ಲಿ ಎಡವಿದವರೂ ಇದಾರೆ, ‘ಎ ಫ್ಯೂನರಲ್ ಎಲೆಜಿ’ ಅನ್ನೋ 1612ರ ಒಂದು ಪದ್ಯ ಶೇಕ್ಸ್‌ಪಿಯರ್‌ದು ಅಂತ ಡೊನಾಲ್ಡ್ ಫಾಸ್ಟರ್ ಅನ್ನೋ ವಿದ್ವಾಂಸರು ವಾದಿಸಿ ದೊಡ್ಡ ಸುದ್ದಿ ಆಗಿ, 2002ರಲ್ಲಿ ಅವರೇ ತಪ್ಪಾಯ್ತು ಅಂತ ಒಪ್ಪಿಕೊಂಡ್ರು.

ಆದ್ರೆ ಇಲ್ಲಿ ಎಣಿಕೆ ಹೇಳೋದನ್ನ ಪುಸ್ತಕನೇ ತನ್ನ ಬಾಯಲ್ಲಿ ಹೇಳತ್ತೆ. ಮೊದಲನೇ ವಾಕ್ಯದಲ್ಲೇ, ಹಿಂದಿನ ಆಚಾರ್ಯರು ಮಾಡಿಟ್ಟ ಅರ್ಥಶಾಸ್ತ್ರಗಳನ್ನೆಲ್ಲ ಬಹುಮಟ್ಟಿಗೆ ಕೂಡಿಸಿ ಈ ಒಂದನ್ನ ಮಾಡಿದೆ ಅನ್ನತ್ತೆ. ದಾರಿಯುದ್ದಕ್ಕೂ ಭಾರದ್ವಾಜ ಹೀಗಂದ, ವಿಶಾಲಾಕ್ಷ ಹಾಗಂದ, ‘ಇಲ್ಲ, ಅಂತಾನೆ ಕೌಟಿಲ್ಯ’ ಅಂತ ಬರತ್ತೆ. ಅಂದ್ರೆ ಹಳೇ ಮನೆ ತೊಲೆಗಳನ್ನ ತಂದು ಹೊಸ ಮನೆ ಕಟ್ಟಿದ ಹಾಗೆ, ಹೊರ್ಯೂಜಿ ಕಂಬದ ಕಥೆನೇ. ಇನ್ನೊಂದು ಕಡೆಯಿಂದನೂ ಸಾಕ್ಷಿ ಇದೆ: ಎರಡನೇ ಅಧಿಕರಣದಲ್ಲೇ ಹವಳದ ಬಗ್ಗೆ ಹೇಳುವಾಗ ‘ಅಲಸಂದಕ’ ಅಂತ ಒಂದು ಬಗೆ ಬರತ್ತೆ, ಅದು ಅಲೆಕ್ಸಾಂಡ್ರಿಯಾದ್ದು ಅಂತ ಓದ್ತಾರೆ, ಮೆಡಿಟರೇನಿಯನ್ ಕೆಂಪು ಹವಳ ನಮ್ಮಲ್ಲಿಗೆ ಹೇರಳವಾಗಿ ಬಂದದ್ದು ರೋಮನ್ ವ್ಯಾಪಾರದ ಕಾಲದಲ್ಲಿ, ಚಂದ್ರಗುಪ್ತನಿಗೆ ಮುನ್ನೂರು ವರ್ಷ ಆದ್ಮೇಲೆ. ನನಗೆ ಮರದ ಗೋಡೆಗಿಂತ ಈ ಹವಳದ ಮಣಿ ಭಾರ ಅನಿಸತ್ತೆ. ಇದನ್ನೆಲ್ಲ ಇಟ್ಕೊಂಡು ಪ್ಯಾಟ್ರಿಕ್ ಒಲಿವೆಲ್ 2013ರ ಅನುವಾದದಲ್ಲಿ, ಕೌಟಿಲ್ಯ ಅನ್ನೋನು ಇದನ್ನ ಕೂಡಿಸಿದ್ದು ಕ್ರಿ.ಶ. 50ರಿಂದ 125ರ ನಡುವೆ, ಆಮೇಲೆ 175ರಿಂದ 300ರೊಳಗೆ ಇನ್ಯಾರೋ ತಿದ್ದಿ ಈಗಿನ ರೂಪ ಕೊಟ್ರು ಅಂತ ಹೇಳ್ತಾರೆ. ಎಲ್ಲರೂ ಒಪ್ಪಿದಾರೆ ಅಂತಲ್ಲ, ಈ ಪುಸ್ತಕದ ಅತ್ಯುತ್ತಮ ಪಾಠ ಸಿದ್ಧಪಡಿಸಿದ ಕಾಂಗ್ಲೆ ಅವರೇ ಚಂದ್ರಗುಪ್ತನ ಮಂತ್ರಿಯದ್ದೇ ಅಂತ ವಾದಿಸಿದ್ದವರು, ಅವರ ಮಾತನ್ನ ಕಸ ಅಂತ ಎಸೆಯೋಕಾಗಲ್ಲ.

ನಮಗಿದು ಹೊಸದೂ ಅಲ್ಲ ಬಿಡಿ. ಕವಿರಾಜಮಾರ್ಗವನ್ನ 1898ರಲ್ಲಿ ಕೆ.ಬಿ. ಪಾಠಕ್ ಪ್ರಕಟಿಸಿದಾಗಿನಿಂದ ಅದು ನೃಪತುಂಗನದಾ ಶ್ರೀವಿಜಯನದಾ ಅಂತ ನಮ್ಮ ಹಿರಿಯರು ಎಷ್ಟು ಪುಟ ತುಂಬಿಸಿಲ್ಲ! ‘ನೃಪತುಂಗದೇವಾನುಮತ’ ಅನ್ನೋ ಒಂದು ಮಾತಿನ ಮೇಲೇ ಅರ್ಧ ಜಗಳ, ದೊರೆ ಒಪ್ಪಿದ ಅಂದ್ರೆ ದೊರೆ ಬರೆದ ಅಂತನಾ? ಈಗ ಹೆಚ್ಚಿನವರು ಶ್ರೀವಿಜಯ ಅಂತಾರೆ. ಅಲ್ಲಿ ಚ–ವಾ ಥರ ಎಣಿಸೋದು ಇನ್ನೂ ಕಷ್ಟ. ಕನ್ನಡದಲ್ಲಿ ‘ಮತ್ತು’ ಕೆಲಸವನ್ನ ಪದದ ಬಾಲಕ್ಕಂಟಿದ ಉಕಾರ ಮಾಡತ್ತೆ, ಅದರ ಮೇಲೆ ಪ್ರಾಸ, ಮಾತ್ರೆ ಲೆಕ್ಕ ಬೇರೆ.

ಕೊನೇದಾಗಿ ಪರೀಕ್ಷೆ. ಪ್ರಿಲಿಮ್ಸಲ್ಲಿ ಅರ್ಥಶಾಸ್ತ್ರದ ಕರ್ತೃ ಯಾರು ಅಂತ ನಾಲ್ಕು ಆಯ್ಕೆ ಕೊಟ್ರೆ ಕಣ್ಣು ಮುಚ್ಚಿ ಕೌಟಿಲ್ಯ ಟಿಕ್ ಮಾಡ್ಲಿ, ಒಲಿವೆಲ್ ಕೂಡ ಅದನ್ನೇ ಟಿಕ್ ಮಾಡ್ತಿದ್ರು, ಪುಸ್ತಕ ತನ್ನನ್ನ ಕೌಟಿಲ್ಯನದ್ದು ಅಂತನೇ ಕರ್ಕೊಳೋದು. ಮೇನ್ಸಲ್ಲಿ ‘ಮೌರ್ಯ ಆಡಳಿತಕ್ಕೆ ಆಧಾರಗಳು’ ಅಂತ ಪ್ರಶ್ನೆ ಬಂದ್ರೆ ಮಾತ್ರ ಅರ್ಥಶಾಸ್ತ್ರದಲ್ಲಿರೋದನ್ನೆಲ್ಲ ಚಂದ್ರಗುಪ್ತ ಹಾಗೇ ಜಾರಿ ಮಾಡಿದ್ದ ಅನ್ನೋ ಥರ ಬರೆಯೋದು ಬೇಡ. ಅಶೋಕನ ಶಾಸನ ಮೊದಲು, ಮೆಗಸ್ತನೀಸ್ ಆಮೇಲೆ, ಅವನ ಪಕ್ಕದಲ್ಲಿ ಬುಲಂದಿ ಬಾಗ್ ಮರ, ಅರ್ಥಶಾಸ್ತ್ರ ಅದರ ನಂತರ, ‘ರಚನೆಯ ಕಾಲದ ಬಗ್ಗೆ ಭಿನ್ನಾಭಿಪ್ರಾಯವಿದೆ’ ಅಂತ ಒಂದು ಸಾಲು ಸೇರಿಸಿ. ಶಾಮಶಾಸ್ತ್ರಿಗಳ ಹೆಸರು ಮರೀಬಾರದು, ಹೆಸರನ್ನ ಸರಿಯಾಗಿ ಬರೀಲಿ, ಶ್ಯಾಮ ಅಲ್ಲ ಶಾಮ.